ನಿದ್ರಿಸುತ್ತಿರುವ ಸದಸ್ಯೆಯ ರೊಟ್ಟಿ

ಪತ್ರ ಬಂದದ್ದು ಶುಕ್ರವಾರ ಬೆಳಿಗ್ಗೆ, ನಾನು ಬನ್ನಿನ ಎರಡನೇ ಟ್ರೇಯನ್ನು ಒಲೆಯಿಂದ ಎಳೆಯುತ್ತಿದ್ದಾಗ. ತಂದವರು ನಮ್ಮ ಚರ್ಚಿನ ಕಾರ್ಯದರ್ಶಿ. ಬೆನ್ನ ಹಿಂದೆ ನಾನು ಅವರನ್ನು ರಿಜಿಸ್ಟರ್ ಅಂಕಲ್ ಎನ್ನುತ್ತೇನೆ. ಕಂಕುಳಲ್ಲಿ ಸದಸ್ಯರ ಹೆಸರು ಬರೆದ ಆ ಉದ್ದನೆಯ ಪುಸ್ತಕವಿಲ್ಲದೆ ಅವರನ್ನು ನೋಡಿದವರೇ ಇಲ್ಲ. ಕೌಂಟರಿನ ಮೇಲೆ ಲಕೋಟೆ ಇಟ್ಟು, "ಅಮ್ಮನಿಗೆ ಕೊಡಮ್ಮ. ಸಮಾಧಾನವಾಗಿ ಓದಿ ಹೇಳು," ಎಂದರು. ಹೋಗುವಾಗ ಬೆಣ್ಣೆ ಬಿಸ್ಕತ್ತಿನ ಡಬ್ಬಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಯಾವಾಗಲೂ ನಾಲ್ಕು ಕಟ್ಟಿಕೊಡುತ್ತೇನೆ. ಅವತ್ತು ಯಾಕೋ ಕೈ ಬರಲಿಲ್ಲ.

ಬೇಕರಿಯ ಹಿಂದಿನ ಕೋಣೆಯೇ ನಮ್ಮ ಮನೆ. ಅಮ್ಮ ಅಲ್ಲಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಅವಳಿಗೆ ಉಸಿರಾಡಲು ಆಗುವುದಿಲ್ಲ. ಹೃದಯ ಸೋತಿದೆ, ಇನ್ನು ವಾರಗಳ ಲೆಕ್ಕ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅಮ್ಮನಿಗೆ ಯಾರೂ ಹೇಳಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಅದಕ್ಕೇ ಸೋಮವಾರ ನನ್ನನ್ನು ಪಾದ್ರಿಗಳ ಹತ್ತಿರ ಅಟ್ಟಿದ್ದಳು. ಕೇಳಿದ್ದು ಒಂದೇ ಒಂದು. ಮನೆಗೆ ಬಂದು ಪ್ರಭು ಭೋಜನ ಕೊಡಬೇಕು, ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಪಾದ್ರಿಗಳು ಹೊಸಬರು, ಚಿಕ್ಕ ವಯಸ್ಸು. "ಖಂಡಿತ ಬರ್ತೀನಿ," ಎಂದಿದ್ದರು. ಬಂದದ್ದು ಈ ಲಕೋಟೆ.

"ಪ್ರಿಯ ಸಹೋದರಿಯವರೇ, ಕ್ರಿಸ್ತನಲ್ಲಿ ವಂದನೆಗಳು. ತಾವು ಮೂರು ವರ್ಷಗಳಿಗೂ ಮೀರಿ ಪ್ರಭು ಭೋಜನದಲ್ಲಿ ಪಾಲುಗೊಳ್ಳದ ಕಾರಣ ತಮ್ಮ ಹೆಸರನ್ನು ನಿದ್ರಿಸುತ್ತಿರುವ ಸದಸ್ಯರ ಪಟ್ಟಿಗೆ ಸೇರಿಸಲಾಗಿದೆ. ತಮ್ಮ ಕೋರಿಕೆಯನ್ನು ಪರಿಗಣಿಸಲು, ಜೊತೆಗಿರುವ ನಮೂನೆಗೆ ಸಹಿ ಮಾಡಿ ಕಳುಹಿಸತಕ್ಕದ್ದು."

ನಿದ್ರಿಸುತ್ತಿರುವ ಸದಸ್ಯೆ! ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ತಿರುಗಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ಬೇಕರಿ ನನ್ನ ತಲೆ ಮೇಲೆ, ಅಪ್ಪ ಅಮ್ಮನ ತಲೆ ಮೇಲೆ. ಆ ಒಂಬತ್ತು ವರ್ಷ ಅವಳು ಒಂದು ದಿನವಾದರೂ ಕಣ್ಣು ತುಂಬ ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ. ಭಾನುವಾರ ಆರಾಧನೆಯ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಸ್ನಾನ, ಗಂಜಿ, ಔಷಧಿ. ಹೇಗೆ ಹೋಗುತ್ತಾಳೆ? ಹೋದ ವರ್ಷ ಅಪ್ಪ ತೀರಿಕೊಂಡ. ಅಷ್ಟರಲ್ಲಿ ಇವಳಿಗೇ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತಿತ್ತು.

ಆ ಒಂಬತ್ತು ವರ್ಷದಲ್ಲಿ ಸಭೆಯಿಂದ ಎಷ್ಟು ಜನ ಬಂದು ಅಪ್ಪನ ಮಂಚದ ಪಕ್ಕ ಕೂತರು? ಹಿಂದಿನ ಪಾದ್ರಿಗಳು ಒಮ್ಮೆ ಬಂದಿದ್ದರು. ಎಲ್ಲ ದೇವರ ಚಿತ್ತ ಎಂದು ಹೇಳಿ, ಟೀ ಕುಡಿದು, ಎರಡು ಬನ್ನು ತಿಂದು ಹೋದರು. ಆಮೇಲೆ ಗಂಟೆ ಮಾಮ. ಅವನು ಚರ್ಚಿನ ಗಂಟೆ ಹೊಡೆಯುವವನು, ಕಸ ಗುಡಿಸುವವನು, ಅಪ್ಪನ ಹಳೆಯ ಗೆಳೆಯ. ಅವನೊಬ್ಬ ವಾರಕ್ಕೊಮ್ಮೆ ಬಂದು ಅಪ್ಪನ ಗಡ್ಡ ಹೆರೆದು ಹೋಗುತ್ತಿದ್ದ. ಅಷ್ಟೇ. ನಾನು ಆ ಮೊದಲ ವರ್ಷವೇ ಚರ್ಚಿನ ಒಳಗೆ ಕೂರುವುದನ್ನು ಬಿಟ್ಟೆ. ದೇವರ ಮೇಲೆ ನನಗೆ ಕೋಪ ಇರಲಿಲ್ಲ, ಅವನ ಆಫೀಸಿನ ಮೇಲೆ ಇತ್ತು.

ಈ ಪಟ್ಟಿ ಹೇಗೆ ಹುಟ್ಟುತ್ತದೆ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ತಿಂಗಳ ಮೊದಲನೇ ಭಾನುವಾರ ಪ್ರಭು ಭೋಜನ. ಪ್ರತಿಯೊಬ್ಬ ಸದಸ್ಯನಿಗೂ ಒಂದು ಹಳದಿ ಕಾರ್ಡು, ಅದರಲ್ಲಿ ವರ್ಷಕ್ಕೆ ಹನ್ನೆರಡು ಚೌಕ. ಬಾಗಿಲಲ್ಲಿ ರಿಜಿಸ್ಟರ್ ಅಂಕಲ್ ನಿಂತು ಆ ತಿಂಗಳ ಚೌಕಕ್ಕೆ ಮೊಹರು ಒತ್ತುತ್ತಾರೆ. ಮೊಹರು ಬಿದ್ದರೆ ನೀವು ಎಚ್ಚರವಾಗಿದ್ದೀರಿ. ಬೀಳದಿದ್ದರೆ ನಿದ್ದೆ. ಒಳಗೆ ಹೋಗಿ ಗೊರಕೆ ಹೊಡೆದರೂ ಪರವಾಗಿಲ್ಲ.

ಇನ್ನು ನನ್ನ ಹೊಟ್ಟೆಗೆ ಬೆಂಕಿ ಬಿದ್ದ ವಿಷಯಕ್ಕೆ ಬರುತ್ತೇನೆ. ಇಡೀ ಸಭೆ ತಿನ್ನುವ ಆ ರೊಟ್ಟಿಯನ್ನು ಮಾಡುತ್ತಿದ್ದವಳು ಅಮ್ಮ.

ಮದುವೆಯಾಗಿ ಬಂದ ತಿಂಗಳಿಂದ, ಪ್ರತಿ ಮೊದಲನೇ ಶನಿವಾರ. ಅಂಗಡಿಯ ಬ್ರೆಡ್ಡಿಗೆ ಮಷೀನು ಹಿಟ್ಟು ಕಲಸುತ್ತದೆ. ಇದಕ್ಕೆ ಅಮ್ಮ ಮಷೀನು ಮುಟ್ಟಿಸುತ್ತಿರಲಿಲ್ಲ. ಕೈ ತೊಳೆದು, ಬಳೆ ತೆಗೆದಿಟ್ಟು, ನಾದುವುದಕ್ಕೆ ನಿಂತರೆ ಒಂದೊಂದು ಮಡಿಕೆಗೆ ಒಂದೊಂದು ಮನೆಯ ಹೆಸರು ಹೇಳುತ್ತಿದ್ದಳು. ಹಿಟ್ಟನ್ನು ಮಡಚಿ ಅಂಗೈಯಿಂದ ಒತ್ತುವಾಗ, "ಮೂಲೆ ಮನೆ ದರ್ಜಿ, ಅವನ ಕಣ್ಣು ನೆಟ್ಟಗಾಗಲಿ." ಇನ್ನೊಂದು ಮಡಿಕೆ. "ನರ್ಸಮ್ಮ, ಅವಳ ಮಗಳಿಗೆ ಹೆರಿಗೆ ಸುಸೂತ್ರ ಆಗಲಿ." ಅಪ್ಪನನ್ನು ಮಗ್ಗುಲು ತಿರುಗಿಸಿ ಬಂದು, ಬಿಟ್ಟ ಮನೆಯಿಂದ ಮತ್ತೆ ಶುರು. ಸಭೆಯಲ್ಲಿ ತೊಂಬತ್ತಾರು ಮನೆ. ತೊಂಬತ್ತಾರು ಮಡಿಕೆ ಹಾಕದೆ ಅವಳು ಹಿಟ್ಟು ಕೆಳಗಿಡುತ್ತಿರಲಿಲ್ಲ. ರಿಜಿಸ್ಟರ್ ಅಂಕಲ್ಲಿನ ಮಂಡಿ ನೋವಿಗೂ ಅದರಲ್ಲಿ ಒಂದು ಮಡಿಕೆ ಇತ್ತು. ಭಾನುವಾರ ಬೆಳಿಗ್ಗೆ ನಾನು ಆ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಚರ್ಚಿನ ಹಿಂಬಾಗಿಲಲ್ಲಿ ಗಂಟೆ ಮಾಮನ ಕೈಗೆ ಕೊಟ್ಟು ವಾಪಸ್ ಬರುತ್ತಿದ್ದೆ. ಒಳಗಿನವರಿಗೆ ಅದು ಬೇಕರಿಯಿಂದ ಬರುವ ರೊಟ್ಟಿ. ಅದರ ಹಿಂದೆ ಯಾರದ್ದಾದರೂ ಕೈ ಇರಬಹುದು ಎಂದು ಯಾರ ತಲೆಗೂ ಹೋಗಿರಲಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಪತ್ರ ಓದಿದಳು. ಆಮೇಲೆ ನಮೂನೆ ಓದಿದಳು. 'ನಾನು ಇಷ್ಟು ಕಾಲ ಕರ್ತನಿಂದ ದೂರವಾಗಿದ್ದೆನೆಂದು ಒಪ್ಪಿಕೊಂಡು ಪಶ್ಚಾತ್ತಾಪ ಪಡುತ್ತೇನೆ' ಎಂದು ಅಚ್ಚಾಗಿತ್ತು. ಕೆಳಗೆ ಸಹಿಗೆ ಚುಕ್ಕಿಗಳು. ಒಂದು ಚೌಕಟ್ಟಿನಲ್ಲಿ ಕಾರಣ ಬರೆಯಲು ಒಂದೂವರೆ ಗೆರೆ ಜಾಗ.

"ಇದು ಸುಳ್ಳು ಕಣೇ," ಎಂದಳು. "ನಾನೆಲ್ಲಿ ದೂರ ಹೋಗಿದ್ದೆ? ಇಲ್ಲೇ ಇದ್ನಲ್ಲ. ಕರ್ತನೂ ಇಲ್ಲೇ ಇದ್ದ."

"ಒಂದು ಸಹಿ ಹಾಕಿ ಬಿಸಾಕಮ್ಮ. ಅವರಿಗೆ ಬೇಕಾಗಿರೋದು ಕಾಗದ."

"ಸುಳ್ಳಿಗೆ ಸಹಿ ಹಾಕಿ ಆ ರೊಟ್ಟಿ ತಿನ್ನಲಾ? ಗಂಟಲಲ್ಲಿ ಇಳಿಯುತ್ತಾ?"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟಳು. ಸಿಟ್ಟು ಮಾಡಿಕೊಳ್ಳಲಿಲ್ಲ. ಅಳಲೂ ಇಲ್ಲ. ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಅವಳು ಹಾಗೆ ಮುಖ ತಿರುಗಿಸಿದ್ದನ್ನು ಅಪ್ಪ ಸತ್ತ ದಿನವೂ ನಾನು ನೋಡಿರಲಿಲ್ಲ.

ಮಾರನೇ ದಿನ ಶನಿವಾರ, ಮೊದಲನೇ ಶನಿವಾರ. ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆಯಾದ ಮೇಲೆ ನಾನು ಒಳಗೆ ಹೋಗಿ ಹೇಳಿಬಿಟ್ಟೆ. "ಈ ಸಲ ರೊಟ್ಟಿ ಹೋಗಲ್ಲ. ಅವರ ರಿಜಿಸ್ಟರನ್ನೇ ಹರಿದು ತಿನ್ನಲಿ. ಬೇಕಾದಷ್ಟು ಹಾಳೆ ಇದೆ, ತೊಂಬತ್ತಾರು ಮನೆಗೂ ಸಾಲುತ್ತೆ."

"ರೊಟ್ಟಿ ಅವರದ್ದಲ್ಲ. ತಡೆಯೋಕೆ ನಿಂದೂ ಅಲ್ಲ."

"ನಿಂಗೆ ಪ್ರಭು ಭೋಜನ ತಾನೇ ಬೇಕು? ನಾನೇ ಕೊಡ್ತೀನಿ. ಇಲ್ಲೇ ರೊಟ್ಟಿ ಇದೆ, ಪ್ರಾರ್ಥನೆ ನಿಂಗೆ ಬಾಯಿಪಾಠ. ದೇವರೇನು ಬಾಗಿಲಲ್ಲಿ ನಿಂತು ಕಾರ್ಡು ನೋಡ್ತಾನಾ? ಯಾಕಮ್ಮ ಅವರ ಕಾಲು ಹಿಡಿಯೋದು?"

ಅಮ್ಮ ದಿಂಬಿಗೆ ಒರಗಿದಳು. ಮಾತಾಡಬೇಕಾದರೆ ಅವಳಿಗೆ ಉಸಿರನ್ನು ಕೂಡಿಟ್ಟುಕೊಳ್ಳಬೇಕಾಗುತ್ತಿತ್ತು. "ನಾನೇ ಮಾಡಿ, ನೀನೇ ಮುರಿದು, ನಾವಿಬ್ಬರೇ ತಿಂದರೆ ಅದು ತಿಂಡಿ ಕಣೇ. ಪ್ರಾರ್ಥನೆ ಒಬ್ಬಳೇ ಮಾಡಬಹುದು. ಒಂಬತ್ತು ವರ್ಷ ಮಾಡಿದೀನಿ, ಅವನು ಕೇಳಿಸ್ಕೊಂಡಿದಾನೆ. ಆದರೆ ಈ ಊಟ ಹಾಗಲ್ಲ. ಇನ್ನೊಬ್ಬರು ಕೈಗೆ ಕೊಡಬೇಕು. ನನಗೆ ಆಗದವರೂ ಪಕ್ಕದಲ್ಲಿ ಕೂತು ಅದನ್ನೇ ತಿನ್ನಬೇಕು. ಇಲ್ಲದಿದ್ರೆ ಆ ಪುಣ್ಯಾತ್ಮ ಕ್ರಿಸ್ತ ಅಷ್ಟು ಜನರನ್ನ ಯಾಕೆ ಮೇಜಿನ ಸುತ್ತ ಕೂರಿಸ್ತಿದ್ದ? ಒಬ್ಬೊಬ್ಬರ ಮನೆಗೇ ಪೊಟ್ಟಣ ಕಟ್ಟಿ ಕಳಿಸ್ತಿದ್ದ."

ನನಗೆ ಇನ್ನೂ ಸಿಟ್ಟು ಬಂತು. ಬಾಗಿಲು ಮುಚ್ಚಿದವರನ್ನು ಬೈಯಬಹುದು. ಆ ಬಾಗಿಲ ಒಳಗಿರುವುದೇ ಬೇಕು ಎನ್ನುವವಳನ್ನು ಏನು ಮಾಡುವುದು?

"ಹಿಟ್ಟು ತಗೊಂಡು ಬಾ," ಎಂದಳು. "ಇಲ್ಲೇ ನಾದ್ತೀನಿ."

"ಡಾಕ್ಟರು ಏನು ಹೇಳಿದಾರೆ ಗೊತ್ತಾ?"

"ಗೊತ್ತು. ಅದಕ್ಕೇ ತಗೊಂಡು ಬಾ ಅಂದಿದ್ದು."

ಮರದ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟೆ. ಮೈದಾ, ಈಸ್ಟು, ಎಣ್ಣೆ, ಬೆಚ್ಚನೆಯ ನೀರು, ಎಲ್ಲ ಅಳೆದು ಬೋಗುಣಿಗೆ ಹಾಕಿದೆ. ಹಾಕುತ್ತಾ ಹಾಕುತ್ತಾ ಬಾಯಿ ಮಾತ್ರ ನಿಲ್ಲಿಸಲಿಲ್ಲ. ಆ ಮನುಷ್ಯ ಹೋದ ತಿಂಗಳು ಕೂಡ ಬಿಸ್ಕತ್ತು ತಿಂದುಕೊಂಡು ಅಮ್ಮನ ಆರೋಗ್ಯ ವಿಚಾರಿಸಿದ್ದು, ಆವಾಗಲೇ ಈ ಪಟ್ಟಿ ಅವನ ಕಂಕುಳಲ್ಲಿ ಇತ್ತೋ ಏನೋ ಎಂದು, ಪಾದ್ರಿಗೆ ಬೆನ್ನುಮೂಳೆ ಇಲ್ಲ ಎಂದು, ಎಲ್ಲ ಹೇಳಿದೆ. ನಡುವೆ ಅಮ್ಮ "ಉಪ್ಪು?" ಎಂದಳು. "ಎಲ್ಲ ಹಾಕಿದೀನಿ," ಎಂದು ಸಿಡುಕಿದೆ.

ನಾದಲು ಅವಳಿಗೆ ಎರಡೂವರೆ ಗಂಟೆ ಹಿಡಿಯಿತು. ಹತ್ತು ಮಡಿಕೆಗೊಮ್ಮೆ ದಿಂಬಿಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ತುಟಿ ನೀಲಿ ಆಗುತ್ತಿತ್ತು. "ಸಾಕಮ್ಮ, ಉಳಿದಿದ್ದು ನಾನು ನಾದ್ತೀನಿ," ಎಂದರೆ, "ನೀನು ಹೆಸರು ಹೇಳಲ್ಲ," ಎನ್ನುತ್ತಿದ್ದಳು. ತೊಂಬತ್ತಾರನೆಯ ಮಡಿಕೆ ರಿಜಿಸ್ಟರ್ ಅಂಕಲ್ಲಿನದು. "ಅವನ ಮಂಡಿ," ಎಂದು ಒತ್ತಿ, ಹಿಟ್ಟಿನ ಕೈಯನ್ನು ಹಾಗೇ ಬಿಟ್ಟು ನಿದ್ದೆ ಹೋದಳು. ನಾನು ಆ ಕೈ ಒರೆಸಿದೆ. ಹಲ್ಲು ಕಚ್ಚಿಕೊಂಡೇ ಒರೆಸಿದೆ.

ಭಾನುವಾರ ರೊಟ್ಟಿಯನ್ನು ಗಂಟೆ ಮಾಮನಿಗೆ ಕೊಟ್ಟೆ. ವಾಪಸ್ ಬರಲಿಲ್ಲ. ಸುತ್ತು ಹಾಕಿ ಮುಂಬಾಗಿಲಿಗೆ ಹೋದೆ. ರಿಜಿಸ್ಟರ್ ಅಂಕಲ್ ಪುಟ್ಟ ಮೇಜು ಹಾಕಿಕೊಂಡು, ಮೊಹರು ಹಿಡಿದು ಕೂತಿದ್ದರು. ನಾನು ಅಮ್ಮನ ಹಳದಿ ಕಾರ್ಡು ಮುಂದಿಟ್ಟೆ.

"ಇದು ನಡೆಯಲ್ಲಮ್ಮ. ನಿನ್ನ ಕಾರ್ಡೂ ನಿಂತುಹೋಗಿದೆ," ಎಂದರು. ದನಿಯಲ್ಲಿ ಏನೇನೂ ಕಲ್ಮಷ ಇರಲಿಲ್ಲ. ಬೆಣ್ಣೆಯಂಥ ದನಿ. "ಒಳಗೆ ಕೂತ್ಕೋ, ಸಂತೋಷ. ಆದರೆ ಮೇಜಿನ ಹತ್ತಿರ ಬರಬೇಡ. ನಾನು ಮಾಡಿದ ನಿಯಮ ಅಲ್ಲ ನೋಡು."

ಇಂಥವರನ್ನು ಕಂಡರೇ ನನಗೆ ಆಗುವುದಿಲ್ಲ. ನಿಯಮವನ್ನು ಇವರು ಯಾರೂ ಮಾಡಿರುವುದಿಲ್ಲ. ಅದು ತಾನಾಗಿಯೇ ಉದುರಿ ಬಿದ್ದಿರುತ್ತದೆ, ಇವರು ಪಾಪ ಹೆಕ್ಕಿಕೊಂಡು ಕಾಪಾಡುತ್ತಿರುತ್ತಾರೆ.

ಕಡೇ ಬೆಂಚಿನಲ್ಲಿ ಕೂತೆ. ಹಾಡು ಆಯಿತು. ಪ್ರಸಂಗ ಆಯಿತು, ನೆರೆಯವರನ್ನು ಪ್ರೀತಿಸುವುದರ ಬಗ್ಗೆ. ನಗು ತಡೆದುಕೊಂಡೆ. ಆಮೇಲೆ ಪಾದ್ರಿಗಳು ಬಿಳಿ ಬಟ್ಟೆ ಸರಿಸಿ ಅಮ್ಮನ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಮುರಿದರು. ಜನ ಸಾಲಾಗಿ ಎದ್ದರು. ದರ್ಜಿ, ನರ್ಸಮ್ಮ, ಕಡೆಗೆ ರಿಜಿಸ್ಟರ್ ಅಂಕಲ್ಲೂ. ಅವರು ತಿಂದು, ಬಾಯಿ ಒರೆಸಿಕೊಂಡು, ಮತ್ತೆ ಬಾಗಿಲ ಹತ್ತಿರ ನಿಂತರು. ಸಾಲು ಮುಗಿಯುವ ಹೊತ್ತಿಗೆ ನಾನು ಎದ್ದೆ.

ಪಾದ್ರಿಗಳ ಮುಂದೆ ಕೈ ಚಾಚಿದಾಗ ಅವರ ಕಣ್ಣು ನನ್ನ ತಲೆ ಮೇಲಿಂದ ಬಾಗಿಲ ಕಡೆ ಹೋಯಿತು. ಅಲ್ಲಿ ರಿಜಿಸ್ಟರ್ ಅಂಕಲ್ ಬೇಡ ಎಂದು ತಲೆ ಆಡಿಸಿರಬೇಕು. ತಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಇನ್ನು ನನ್ನ ಕೈಲಿ ಆಗಲಿಲ್ಲ. "ಅಯ್ಯನವರೇ," ಎಂದೆ. ಸಣ್ಣ ದನಿಯಲ್ಲಿ ಹೇಳಬೇಕು ಅಂದುಕೊಂಡಿದ್ದೆ, ಒಲೆಯ ಮುಂದೆ ಕಿರುಚಿ ಅಭ್ಯಾಸವಾದ ಗಂಟಲು, ಮಾಡು ಹಾರುವಷ್ಟು ಜೋರಾಗಿ ಬಂತು. "ಈ ರೊಟ್ಟಿ ನಾದಿದ್ದು ನಮ್ಮಮ್ಮ. ನಿನ್ನೆ, ಹಾಸಿಗೆ ಮೇಲೆ ಕೂತು, ಉಸಿರಾಡೋಕೆ ಆಗದೆ ಇದ್ರೂ. ಇಲ್ಲಿರೋ ಪ್ರತಿಯೊಂದು ಮನೆ ಹೆಸರು ಹೇಳಿ ನಾದಿದಾಳೆ. ಮದುವೆ ಆದಾಗಿಂದ ನಾದ್ತಿದಾಳೆ. ನೀವು ಅವಳನ್ನ ನಿದ್ದೆ ಮಾಡೋರ ಪಟ್ಟಿಗೆ ಹಾಕಿದೀರಿ. ಪಟ್ಟಿಯಲ್ಲಿ ಇಲ್ಲದವಳ ಕೈ ರೊಟ್ಟಿ ನಿಮಗೆ ಆಗಬಾರದಲ್ಲ? ಉಗುಳಿ ಹಾಗಾದ್ರೆ. ಎಲ್ಲರೂ ಉಗುಳಿ."

ಯಾರೋ ಕೆಮ್ಮಿದರು. ನರ್ಸಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಪಾದ್ರಿಗಳ ಮುಖ ಕೆಂಪಾಯಿತು. ಮತ್ತೆ ಬಾಗಿಲ ಕಡೆ ನೋಡಲಿಲ್ಲ. ಒಂದು ತುಂಡು ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. ರೊಟ್ಟಿ ಕೊಡುವಾಗ ಹೇಳಬೇಕಾದ ಮಾತನ್ನೂ ಹೇಳಿದರು, ತೊದಲಿಕೊಂಡು.

ನಾನು ತಿನ್ನಲಿಲ್ಲ. ಅಂಗೈ ಮುಚ್ಚಿಕೊಂಡು ನೇರ ಬಾಗಿಲಿಗೆ ನಡೆದೆ. ರಿಜಿಸ್ಟರ್ ಅಂಕಲ್ ಅಡ್ಡ ನಿಂತರು. "ಇಲ್ಲೇ ತಿನ್ನಬೇಕಮ್ಮ. ಹೊರಗೆ ತಗೊಂಡು ಹೋಗೋ ಹಾಗಿಲ್ಲ."

"ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ತಿದೆ. ದಾರಿ ಬಿಡಿ."

ಬಿಡಲಿಲ್ಲ. ಅಷ್ಟರಲ್ಲಿ ಪಕ್ಕದ ಸಣ್ಣ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು. ಗಂಟೆ ಮಾಮ ಅದನ್ನು ಪೂರ್ತಿ ತೆರೆದು ಹಿಡಿದಿದ್ದ. ಇನ್ನೊಂದು ಕೈಯಲ್ಲಿ ದ್ರಾಕ್ಷಾರಸದ ಒಂದು ಪುಟ್ಟ ಲೋಟ. "ನಡಿ ಮಗಳೇ," ಎಂದ. "ಆರಾಧನೆ ಮುಗಿದ ಗಂಟೆ ಇವತ್ತು ಅವರೇ ಹೊಡ್ಕೊಳ್ಳಲಿ."

ದಾರಿಯುದ್ದಕ್ಕೂ ಅವನು ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ನಡೆದ. ಆದರೂ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಜಗಳ ಗೆದ್ದ ಹುಮ್ಮಸ್ಸೆಲ್ಲ ಬೀದಿ ತಿರುಗುವಷ್ಟರಲ್ಲಿ ಇಳಿದುಹೋಗಿ, ಅಮ್ಮ ಇನ್ನೂ ಇದ್ದಾಳೋ ಇಲ್ಲವೋ ಎಂಬ ಹೆದರಿಕೆ ಹಿಡಿಯಿತು. ಕಡೆಗೆ ಓಡಿಯೇ ಹೋದೆ.

ಇದ್ದಳು. ತಲೆ ಬಾಚಿಕೊಂಡು ಕೂತಿದ್ದಳು. ಅಂಗೈ ಬಿಚ್ಚಿ ತೋರಿಸಿದೆ. ಬೆವರಿಗೆ ತುಂಡು ಸ್ವಲ್ಪ ಮೆತ್ತಗಾಗಿತ್ತು.

"ಯಾರು ಕೊಟ್ರು?"

"ಅಯ್ಯನವರು. ಅವರ ಕೈಯಾರೆ."

"ಕೇಳಿ ತಗೊಂಡೆಯಾ, ಬೈದು ತಗೊಂಡೆಯಾ?"

ಅವಳ ಮುಂದೆ ಸುಳ್ಳು ಬರುವುದಿಲ್ಲ. "ಬೈದು ತಗೊಂಡೆ."

ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. ತುಟಿಯ ಕೊನೆಯಲ್ಲಿ ನಗು ಇತ್ತು. ಗಂಟೆ ಮಾಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅಮ್ಮ ಅವನನ್ನು ನೋಡಿ, ನನ್ನನ್ನು ನೋಡಿ, "ಮೂರು ಜನ ಆದ್ವಿ. ಸಾಕು," ಎಂದಳು. ಆ ಹೆಬ್ಬೆರಳಿನಷ್ಟು ತುಂಡನ್ನು ಮೂರು ಮಾಡಿದಳು. ಒಂದನ್ನು ಮಾಮನಿಗೆ ಕೊಟ್ಟಳು, ಒಂದನ್ನು ನನ್ನ ಕಡೆ ಚಾಚಿದಳು. ನಾನು ಹತ್ತು ವರ್ಷದಿಂದ ಮುಟ್ಟಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ, ಅವಳು ಅದನ್ನು ಬಾಯಿಗೇ ಇಟ್ಟುಬಿಟ್ಟಳು, ಮಗುವಿಗೆ ಇಟ್ಟ ಹಾಗೆ. ಅಳು ಬಂತು. ಸಿಟ್ಟಿನ ಅಳು ಎಂದುಕೊಂಡೆ.

ಅಮ್ಮ ತನ್ನ ಚೂರನ್ನು ನಾಲಿಗೆಯ ಮೇಲಿಟ್ಟು ನಿಧಾನ ಅಗಿದಳು. ಅಗಿಯುತ್ತಿದ್ದವಳು ನಿಲ್ಲಿಸಿದಳು.

"ಉಪ್ಪು ಹಾಕಿಲ್ಲ ಕಣೇ."

ನಿನ್ನೆ ಬೈಯುವ ಭರದಲ್ಲಿ ಉಪ್ಪಿನ ಡಬ್ಬಿ ಮುಟ್ಟಿಯೇ ಇರಲಿಲ್ಲ. ತೊಂಬತ್ತಾರು ಮಡಿಕೆ ಹಾಕಿ ನಾದಿದ ಅವಳ ಕಡೇ ರೊಟ್ಟಿ, ನನ್ನ ಬಾಯಿಯ ದೆಸೆಯಿಂದ ಸಪ್ಪೆ.

"ಮಾಮ, ನೀನು ಅಲ್ಲೂ ತಿಂದ್ಯಲ್ಲ, ಹೇಳಬಾರದಾ?" ಎಂದು ಅವನ ಮೇಲೆ ಹರಿಹಾಯ್ದೆ.

"ಪ್ರಭು ಭೋಜನದಲ್ಲಿ ರುಚಿ ಯಾರು ನೋಡ್ತಾರಮ್ಮ?" ಎಂದ ಅವನು.

ಆಗ ಅಮ್ಮನಿಗೆ ಸಿಟ್ಟು ಬಂತು. ನನ್ನ ಜೀವಮಾನದಲ್ಲಿ ಅವಳ ಸಿಟ್ಟು ನೋಡಿದ್ದು ಅದೊಂದೇ ಸಲ. "ಯಾರೂ ನೋಡಲ್ವಾ? ಅಷ್ಟು ಜನ ತಿಂದ್ರು. ಒಬ್ಬರ ನಾಲಿಗೆಗೂ ಗೊತ್ತಾಗ್ಲಿಲ್ವಾ? ನಾನು ಇಷ್ಟು ವರ್ಷ ಮಣ್ಣು ನಾದಿ ಕಳಿಸಿದ್ರೂ ನುಂಗ್ತಿದ್ರೇನೋ!" ಏದುಸಿರು ಬಂತು. ನಾನು ಬೆನ್ನು ನೀವಿದೆ. ಲೋಟದಲ್ಲಿ ಉಳಿದದ್ದನ್ನು ಮಾಮ ಅವಳ ತುಟಿಗೆ ಹಿಡಿದ. ಅವಳು ಕುಡಿದು, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಮುಂದಿನ ತಿಂಗಳು ನೀನು ನಾದು. ಉಪ್ಪು ಮರೀಬೇಡ. ಹೆಸರು ಹೇಳಬೇಕು, ಒಂದೂ ಬಿಡದೆ. ಆ ಕಾರ್ಯದರ್ಶಿ ಮನೆಯಿಂದಲೇ ಶುರು ಮಾಡು, ಅದು ನಿಂಗೆ ಕಷ್ಟ."

"ನಾನು ನಾದಲ್ಲಮ್ಮ. ಅವರಿಗೆ ನಾದಲ್ಲ."

"ಅವರಿಗೆ ಅಂತ ಯಾರು ಹೇಳಿದ್ರು?" ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಹನ್ನೊಂದು ದಿನಕ್ಕೆ ಹೋದಳು, ಮಧ್ಯಾಹ್ನ, ಮೂರು ದಿಂಬಿಗೆ ಒರಗಿದ ಹಾಗೇ. ಆ ನಡುವೆ ಪಾದ್ರಿಗಳು ಎರಡು ಸಲ ಬಂದಿದ್ದರು, ರಿಜಿಸ್ಟರ್ ಅಂಕಲ್ಲಿಗೆ ಹೇಳದೆ. ದರ್ಜಿ ಬಂದಿದ್ದ. ನರ್ಸಮ್ಮ ಬಂದು ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದಳು. ಬಂದರಲ್ಲ ಎಂದು ಸಂತೋಷಪಡಬೇಕಿತ್ತು. ಒಂಬತ್ತು ವರ್ಷ ತಡವಾಗಿ ಬಂದರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ರಿಜಿಸ್ಟರ್ ಅಂಕಲ್ ಹೂಳುವ ದಿನ ಬಂದರು, ಪುಸ್ತಕದ ಸಮೇತ, ಅಮ್ಮನ ಹೆಸರಿನ ಮುಂದೆ ತಾರೀಕು ಹಾಕಿಕೊಳ್ಳಲು.

ಮೊದಲನೇ ಶನಿವಾರ ಬಂತು. ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ಮಷೀನು ನಿಲ್ಲಿಸಿದೆ. ಇವತ್ತು ಮಾಡುವುದಿಲ್ಲ ಎಂದು ಬೆಳಿಗ್ಗೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಲೇ ಕೈ ತೊಳೆದೆ, ಬಳೆ ತೆಗೆದಿಟ್ಟೆ. ಎಲ್ಲಕ್ಕಿಂತ ಮೊದಲು ಉಪ್ಪು ಹಾಕಿದೆ. ಆಮೇಲೆ ಹಿಟ್ಟು ಕಲಸಿ ಮೇಜಿನ ಮೇಲೆ ಹಾಕಿ, ಮೊದಲನೇ ಮಡಿಕೆ ಮಡಚಿದೆ.

ರಿಜಿಸ್ಟರ್ ಅಂಕಲ್ಲಿನ ಹೆಸರು ಹೇಳಿದೆ. ಹೇಳಿ, ಮುಷ್ಟಿ ಕಟ್ಟಿ, ಮೇಜು ಅದುರುವ ಹಾಗೆ ಗುದ್ದಿದೆ. ಹೆಸರು ಹೇಳಬೇಕು ಎಂದಿದ್ದಳು ಅಮ್ಮ. ಹೇಗೆ ಹೇಳಬೇಕು ಎಂದು ಹೇಳಿರಲಿಲ್ಲ.

ಇನ್ನೂ ತೊಂಬತ್ತೈದು ಮನೆ ಇತ್ತು. ಹಿಟ್ಟು ತಿರುಗಿಸಿ ಮತ್ತೆ ಮಡಚಿದೆ.